ದಿವಾನ ಸಾಲಾರ್ ಜಂಗರು ಮತ್ತು ನಮ್ಮ ಎಡೆದೊರೆ ನಾಡು

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಈ ನಾಡಿನ ಚರಿತ್ರೆ ಎಂದೊಡನೆ ನಮಗೆಲ್ಲ ನೆನಪಾಗುವುದು ಕದನಗಳು. ರಾಯಚೂರಿನ ಕೋಟೆಗಾಗಿ ಬಹಮನಿಯವರೂ ವಿಜಯನಗರದವರೂ ಬಿಜಾಪುರದವರೂ ಹೊಡೆದಾಡಿದ ಸಂಗತಿಯನ್ನೂ, 1520ರಲ್ಲಿ ಕೃಷ್ಣದೇವರಾಯನು ಈ ಕೋಟೆಯನ್ನು ಗೆದ್ದುದನ್ನೂ ನಾವು ತರಗತಿಯಲ್ಲಿ ಉತ್ಸಾಹದಿಂದ ಓದುತ್ತೇವೆ. ಆದರೆ ಗೆದ್ದವರು ಮರುದಿನದಿಂದ ಇಲ್ಲಿಯ ಹಳ್ಳಿಗಳನ್ನು ಹೇಗೆ ನಡೆಸಿದರು, ಕಂದಾಯವನ್ನು ಯಾರು ಎತ್ತಿದರು, ಎತ್ತಿದ ಹಣದಲ್ಲಿ ಎಷ್ಟು ಖಜಾನೆಗೆ ಸೇರಿತು, ಅನ್ಯಾಯವಾದ ರೈತನು ಯಾರ ಬಾಗಿಲಿಗೆ ಹೋಗಿ ನಿಂತನು ಎಂಬುದನ್ನು ನಾವು ಕೇಳುವುದೂ ಇಲ್ಲ, ಪರೀಕ್ಷೆಯಲ್ಲಿ ಅದು ಬರುವುದೂ ಇಲ್ಲ. ಈ ಕಾರಣದಿಂದಲೇ ನಮ್ಮ ವಾರ್ಷಿಕ ಸಂಚಿಕೆಗೆ ನಾನು ಯಾವ ಕೋಟೆಯನ್ನೂ ಗೆಲ್ಲದ ಒಬ್ಬರ ಜೀವನವನ್ನು ಆರಿಸಿಕೊಂಡಿದ್ದೇನೆ. ಅವರು ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದ ಮೀರ್ ತುರಾಬ್ ಅಲಿ ಖಾನರು. ಲೋಕದ ಬಾಯಲ್ಲಿ ಸಾಲಾರ್ ಜಂಗರು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಹೈದರಾಬಾದಿಗೆ ಪ್ರವಾಸ ಹೋದ ನಮ್ಮ ವಿದ್ಯಾರ್ಥಿ ಮಿತ್ರರು ಸಾಲಾರ್ ಜಂಗ್ ಎಂದರೆ ಮ್ಯೂಸಿಯಮ್ ಕಟ್ಟಿದವರೆಂದು ತಿಳಿದಿದ್ದಾರೆ. ಆ ಸಂಗ್ರಹದ ಬಹುಭಾಗವನ್ನು ಕೂಡಿಸಿದವರು ಮೂರನೆಯ ಸಾಲಾರ್ ಜಂಗರು, ಇವರ ಮೊಮ್ಮಗ. ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಪ್ರತಿಮೆಯನ್ನು ಮಾತ್ರ ನಮ್ಮ ದಿವಾನರೇ 1876ರಲ್ಲಿ ಇಟಲಿಯಲ್ಲಿ ಕೊಂಡು ತಂದರು. ಗಡಿಯಾರದ ಮುಂದೆ ನಿಲ್ಲುವ ಜನರಲ್ಲಿ ಈ ತಾತನ ಹೆಸರು ಬಲ್ಲವರು ಕಡಿಮೆ. ನಮ್ಮ ತಾಲೂಕು ಕಚೇರಿಯ ಸಾಲಿನಲ್ಲಿ ಪಹಣಿಗಾಗಿ ನಿಲ್ಲುವವರಲ್ಲಿ ಇನ್ನೂ ಕಡಿಮೆ.

ಸಾಲಾರ್ ಜಂಗರು ಜನಿಸಿದುದು 1829ರ ಜನವರಿಯಲ್ಲಿ. ಅವರ ಪೂರ್ವಜರು ಮದೀನಾದಿಂದ ಬಂದು ಬಿಜಾಪುರದ ಆದಿಲಶಾಹಿಯ ಆಶ್ರಯದಲ್ಲಿ ನೆಲೆಸಿದ್ದವರು. ಎಂದರೆ ಆ ಮನೆತನಕ್ಕೆ ಕನ್ನಡ ನೆಲದ ಋಣ ಹಳೆಯದು. ತರುವಾಯ ಅವರು ಹೈದರಾಬಾದಿನಲ್ಲಿ ದೊಡ್ಡವರಾದರು. ಮುತ್ತಾತ ಮೀರ್ ಆಲಂ ದಿವಾನ, ತಾತ ಮುನೀರ್-ಉಲ್-ಮುಲ್ಕ್ ದಿವಾನ, ತಂದೆಯ ಸೋದರ ಸಿರಾಜ್-ಉಲ್-ಮುಲ್ಕ್ ದಿವಾನ. ಎಳೆಯದರಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಈ ಸಿರಾಜ್-ಉಲ್-ಮುಲ್ಕರ ನೆರಳಿನಲ್ಲಿ ಬೆಳೆದನು. ದೊಡ್ಡ ಮನೆಯ ಮಕ್ಕಳಂತೆ ಪಾರ್ಸಿ, ಅರಬ್ಬಿಗಳನ್ನು ಕಲಿತನು. ಆದರೆ ಅವನ ನಿಜವಾದ ವಿದ್ಯಾಭ್ಯಾಸ ನಡೆದುದು ಹತ್ತೊಂಬತ್ತರ ಆಸುಪಾಸಿನಲ್ಲಿ, ಖಮ್ಮಂ ಸೀಮೆಯ ತಾಲೂಕ್ದಾರನಾಗಿ ಕೆಲವು ತಿಂಗಳು ಕೆಲಸ ಮಾಡಿದಾಗ. ಅಲ್ಲಿ ಡಿಗ್ಟನ್ ಎಂಬ ಆಂಗ್ಲ ತಾಲೂಕ್ದಾರನು ಜಮಾಖರ್ಚನ್ನು ಒಂದು ಕ್ರಮಕ್ಕೆ ತಂದಿದ್ದನು. ಅವನಿಂದ ತರುಣನು ಕಂದಾಯದ ಲೆಕ್ಕವನ್ನು ಕಲಿತನು. ದರ್ಬಾರಿನ ಹುಡುಗರು ಕುದುರೆಯನ್ನೂ ಕವಿತೆಯನ್ನೂ ಕಲಿಯುತ್ತಿದ್ದ ವಯಸ್ಸಿನಲ್ಲಿ ಇವನು ಖಿರ್ದಿ ಪುಸ್ತಕವನ್ನು ಓದಲು ಕಲಿತನೆಂಬುದನ್ನು ನಾನು ಬಹು ದೊಡ್ಡ ಸಂಗತಿಯೆಂದು ಎಣಿಸುತ್ತೇನೆ.

ಆ ಕಾಲದ ಸ್ಥಿತಿಯನ್ನು ತುಸು ವಿವರಿಸದಿದ್ದರೆ ಮುಂದಿನದು ತಿಳಿಯಲಾರದು. ಆಗ ತಾಲೂಕ್ದಾರನೆಂದರೆ ಸಂಬಳದ ಅಧಿಕಾರಿಯಲ್ಲ, ಗುತ್ತಿಗೆದಾರ. ನಿಜಾಮ ಸರ್ಕಾರಕ್ಕೆ ಹಣದ ಮುಗ್ಗಟ್ಟು ಬಂದಾಗ ಒಂದು ಸೀಮೆಯ ಕಂದಾಯವನ್ನು ಎತ್ತುವ ಹಕ್ಕನ್ನು ಇಜಾರೆಗೆ ಕೊಡುತ್ತಿದ್ದರು. ಯಾರು ಮುಂಗಡವಾಗಿ ಹೆಚ್ಚು ಹಣವನ್ನೂ ನಜರಾನವನ್ನೂ ತರುವರೋ ಅವರಿಗೆ ಸೀಮೆ. ಕೆಲವು ತಿಂಗಳಲ್ಲಿ ಇನ್ನೊಬ್ಬನು ಇನ್ನಷ್ಟು ಹೆಚ್ಚು ಹಣ ತಂದರೆ ಮೊದಲಿನವನು ಹೊರಕ್ಕೆ. ನಾಳೆ ತನ್ನ ಹುದ್ದೆ ಇರುವುದೋ ಇಲ್ಲವೋ ಎಂದು ತಿಳಿಯದವನು ಕೆರೆಯ ಏರಿಯನ್ನು ಏಕೆ ಕಟ್ಟಿಸಿಯಾನು? ಬಿತ್ತನೆಗೆ ಸಾಲವನ್ನು ಏಕೆ ಕೊಟ್ಟಾನು? ಕೊಟ್ಟ ಹಣವನ್ನು ಬೇಗ ಹಿಂಡಿಕೊಳ್ಳುವುದೊಂದೇ ಅವನ ಚಿಂತೆ. ಅವನ ಕೆಳಗೆ ನಾಯಬರು, ನಾಯಬರ ಕೆಳಗೆ ದೇಶಮುಖ ದೇಶಪಾಂಡೆಯರು, ಅವರ ಕೆಳಗೆ ಊರಗೌಡ ಮತ್ತು ಕುಲಕರ್ಣಿ. ಎಲ್ಲರ ಕೆಳಗೆ ರೈತ. ಮೇಲಿನವನೊಬ್ಬನ ಕೈ ಬಿಗಿಯಾದರೆ ಆ ಬಿಗಿ ಕೆಳಗಿಳಿಯುತ್ತ ಕೊನೆಗೆ ಎರೆಯ ಹೊಲದವನ ಕೊರಳಿಗೆ ಬರುತ್ತಿತ್ತು.

ಇದರ ಮೇಲೆ ಸಾಲ. ಸೈನ್ಯದ ಸಂಬಳಕ್ಕಾಗಿ ಅರಬ ಜಮಾದಾರರಿಂದಲೂ ರೋಹಿಲರಿಂದಲೂ ಸಾವುಕಾರರಿಂದಲೂ ಸರ್ಕಾರವು ಸಾಲ ಎತ್ತಿ, ಅದಕ್ಕೆ ಪ್ರತಿಯಾಗಿ ಸೀಮೆಗಳನ್ನೇ ಅಡವಿಟ್ಟಿತ್ತು. ಅರಬ ಜಮಾದಾರರು ಸಾಲಗಾರರನ್ನು ತಮ್ಮ ಮನೆಗಳಲ್ಲಿಯೇ ಸೆರೆಯಲ್ಲಿಡುತ್ತಿದ್ದರು. ಇಂಗ್ಲಿಷರ ಹತೋಟಿಯಲ್ಲಿದ್ದ ಕಂಟಿಂಜೆಂಟ್ ಸೈನ್ಯದ ಖರ್ಚಿನ ಬಾಕಿಯೂ ಬೆಳೆದು ಬೆಳೆದು ಗುಡ್ಡವಾಗಿತ್ತು. ಆ ಬಾಕಿಯ ನೆಪದಿಂದಲೇ 1853ರ ಮೇ 21ರಂದು ಕಂಪನಿ ಸರ್ಕಾರವು ಒಂದು ಕರಾರನ್ನು ಮಾಡಿಕೊಂಡು ಬೇರಾರ, ಧಾರಾಶಿವ ಮತ್ತು ನಮ್ಮ ರಾಯಚೂರು ದೋಆಬನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಕರಾರಿಗೆ ತಲೆಬಾಗಬೇಕಾಗಿ ಬಂದ ದಿವಾನ ಸಿರಾಜ್-ಉಲ್-ಮುಲ್ಕರು ಒಂದು ವಾರದೊಳಗೆ ತೀರಿಕೊಂಡರು. ಮೇ ತಿಂಗಳ ಕೊನೆಯ ದಿನ ಅವರ ಸ್ಥಾನಕ್ಕೆ ಬಂದವರು ಇಪ್ಪತ್ತನಾಲ್ಕು ವರ್ಷದ ಸಾಲಾರ್ ಜಂಗರು.

ನಮ್ಮ ತರಗತಿಯ ಹಿರಿಯ ವಿದ್ಯಾರ್ಥಿಗಳಿಗಿಂತ ಎರಡು ಮೂರು ವರ್ಷ ದೊಡ್ಡವರಷ್ಟೆ! ಖಾಲಿ ಖಜಾನೆ, ಅಡವಾದ ಜಿಲ್ಲೆಗಳು, ಸಂಬಳವಿಲ್ಲದ ಸಿಪಾಯಿಗಳು, ಸಂಶಯದ ಒಡೆಯ, ಹೊಂಚುಹಾಕುವ ಸರದಾರರು, ಎಲ್ಲಕ್ಕೂ ಮೇಲೆ ರೆಸಿಡೆಂಟ ಸಾಹೇಬ. ಇಷ್ಟನ್ನು ತಲೆಯ ಮೇಲಿಟ್ಟು ಕೂರಿಸಿದರೆ ಆ ವಯಸ್ಸಿನವರು ಏನು ಮಾಡಿಯಾರು? ಇವರು ಮಾಡಿದ ಮೊದಲ ಕೆಲಸ ಬಹು ಸಪ್ಪೆಯಾದದ್ದು. ಅಡವಾದ ಸೀಮೆಗಳ ಲೆಕ್ಕವನ್ನು ತೆಗೆಸಿ, ಸಾಲವನ್ನು ಪರಿಶೀಲಿಸಿ, ಸಾವುಕಾರರೊಡನೆ ಕುಳಿತು ಮಾತಾಡಿ, ಕಂತು ಕಟ್ಟಿ, ಒಂದೊಂದಾಗಿ ಜಿಲ್ಲೆಗಳನ್ನು ಬಿಡಿಸಿಕೊಂಡರು. ಬಿಡಿಸಿಕೊಂಡ ಕಡೆಯಲ್ಲಿ ಇಜಾರೆಯನ್ನು ನಿಲ್ಲಿಸಿ ಸಂಬಳದ ತಾಲೂಕ್ದಾರರನ್ನು ಇಟ್ಟರು. ಹುದ್ದೆ ಹರಾಜಿಗಿಲ್ಲವೆಂದು ಹೇಳುವುದು ಸುಲಭ. ಹರಾಜಿನಿಂದ ಬದುಕುತ್ತಿದ್ದವರೆಲ್ಲ ಅದೇ ದಿನ ವೈರಿಗಳಾದರು. ಅವರ ಮನೆಗಳೆಲ್ಲ ದಿವಾನರ ದೇವಡಿಯ ಆಚೀಚೆಗೇ ಇದ್ದವು.

ಇನ್ನು 1857ರ ಮಾತು. ಇದನ್ನು ಬರೆಯುವಾಗ ನನ್ನ ಲೇಖನಿ ತಡೆಯುತ್ತದೆ. ದಂಗೆಯ ಸುದ್ದಿ ಬಂದಾಗ ಸಾಲಾರ್ ಜಂಗರು ಇಂಗ್ಲಿಷರ ಪಕ್ಷವನ್ನು ಬಿಡಲಿಲ್ಲ. ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲವಿ ಅಲಾವುದ್ದೀನರ ನಾಯಕತ್ವದಲ್ಲಿ ಜನರು ರೆಸಿಡೆನ್ಸಿಯ ಮೇಲೆ ಏರಿ ಹೋದಾಗ ಅದರ ಸುಳಿವನ್ನು ದಿವಾನರೇ ಮುಂದಾಗಿ ರೆಸಿಡೆಂಟನಿಗೆ ಮುಟ್ಟಿಸಿದ್ದರು. ಮರುವರ್ಷ ನಮ್ಮ ನೆರೆಯ ಸುರಪುರದ ರಾಜಾ ವೆಂಕಟಪ್ಪನಾಯಕನು ಸೋತು ಹೈದರಾಬಾದಿಗೆ ಆಶ್ರಯ ಅರಸಿ ಬಂದನು. ಅವನು ಅಲ್ಲಿ ಸೆರೆಸಿಕ್ಕಿದಾಗ ದಿವಾನರು ಅವನನ್ನು ಇಂಗ್ಲಿಷರಿಗೆ ಒಪ್ಪಿಸಿದರು. ಆ ತರುಣ ರಾಜನು ಅದೇ 1858ರಲ್ಲಿ ಗುಂಡಿನೇಟಿನಿಂದ ಪ್ರಾಣಬಿಟ್ಟನು. ನಮ್ಮ ಹಾಸ್ಟೆಲಿನಲ್ಲಿ ಸುರಪುರದ ಮಿತ್ರರಿದ್ದಾರೆ. ಅವರ ಮುಂದೆ ಸಾಲಾರ್ ಜಂಗರನ್ನು ಹೊಗಳಿದರೆ ಊಟದ ಪಂಕ್ತಿಯಲ್ಲಿ ಮಾತು ನಿಂತುಹೋಗುತ್ತದೆ. ಅವರ ಸಿಟ್ಟು ನ್ಯಾಯವಾದುದೇ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ಓದಬೇಕು. ಈ ನಿಷ್ಠೆಗೆ ಪ್ರತಿಯಾಗಿ 1860ರ ಡಿಸೆಂಬರಿನ ಕರಾರಿನಂತೆ ರಾಯಚೂರು ದೋಆಬು ಮತ್ತು ಧಾರಾಶಿವ ನಿಜಾಮ ಸರ್ಕಾರಕ್ಕೆ ಹಿಂತಿರುಗಿ ಬಂದವು, 50 ಲಕ್ಷ ರೂಪಾಯಿಗಳ ಸಾಲ ಮನ್ನಾ ಆಯಿತು, ಸುರಪುರವೂ ನಿಜಾಮರಿಗೆ ಸೇರಿತು. ನಮ್ಮ ರಾಯಚೂರು ಮರಳಿ ಬಂದುದಕ್ಕೆ ಬೆಲೆ ತೆತ್ತವರು ನಾವಲ್ಲ. ಸಾಲಾರ್ ಜಂಗರು ಇದನ್ನು ರಾಜ್ಯವನ್ನು ಉಳಿಸುವ ದಾರಿಯೆಂದು ನಂಬಿದ್ದರು. ನಂಬಿಕೆ ಸರಿಯೋ ತಪ್ಪೋ, ಅದಕ್ಕೆ ಅವರು ತಮ್ಮ ಪ್ರಾಣವನ್ನೂ ಒಡ್ಡಿದ್ದರೆಂಬುದು ಮಾತ್ರ ನಿಜ. 1859ರ ಮಾರ್ಚಿನಲ್ಲಿ ದರ್ಬಾರಿನಿಂದ ರೆಸಿಡೆಂಟನೊಡನೆ ಹೊರಬರುತ್ತಿದ್ದಾಗ ಒಬ್ಬನು ಅವರ ಮೇಲೆ ಬಿದ್ದನು. 1868ರಲ್ಲಿ ಮತ್ತೆ ಗುಂಡು ಹಾರಿತು. ಎರಡು ಸಲವೂ ಬದುಕಿದರು.

ದೋಆಬು ಹಿಂತಿರುಗಿದಾಗ ಬರಿಗೈಯಲ್ಲಿ ಬರಲಿಲ್ಲ. ಏಳು ವರ್ಷ ಇಲ್ಲಿ ಇಂಗ್ಲಿಷರ ಕ್ರಮದ ಆಡಳಿತ ನಡೆದಿತ್ತು: ಸಂಬಳದ ಅಧಿಕಾರಿ, ಬರಹದ ಹುಕುಂ, ವೇಳೆಗೆ ಸರಿಯಾದ ಲೆಕ್ಕ. ಕೊಟ್ಟ ಸೀಮೆ ಹಳೆಯ ಸ್ಥಿತಿಗೆ ಬಿದ್ದುಹೋದರೆ ಇಂಗ್ಲಿಷರು ನಗುವರೆಂದೂ, ಬೇರಾರವನ್ನು ಕೇಳುವ ಬಾಯಿ ತನಗೆ ಉಳಿಯದೆಂದೂ ದಿವಾನರಿಗೆ ಗೊತ್ತಿರಲೇಬೇಕು. ಮುಂದಿನ ಏಳೆಂಟು ವರ್ಷಗಳಲ್ಲಿ ಅವರು ಇಡೀ ಸಂಸ್ಥಾನದ ಆಡಳಿತವನ್ನು ಬದಲಾಯಿಸಿದರು. 1864ರಲ್ಲಿ ಕಂದಾಯದ ಮಂಡಲಿ, 1865ರಲ್ಲಿ ಜಿಲಾಬಂದಿ. 1867ರ ಹೊತ್ತಿಗೆ ಸರ್ಕಾರದ ದಿವಾನಿ ಪ್ರದೇಶವೆಲ್ಲ 5 ವಿಭಾಗ, 17 ಜಿಲ್ಲೆಗಳಾಗಿ ಏರ್ಪಟ್ಟಿತು. ಜಿಲ್ಲೆಗೆ ಅವ್ವಲ್ ತಾಲೂಕ್ದಾರ, ಅವನ ಕೈಕೆಳಗೆ ದೋಯಮ್, ಸೋಯಮ್, ತಾಲೂಕಿಗೆ ತಹಸೀಲ್ದಾರ. ಕಂದಾಯ ಎತ್ತುವವನ ಕೈಯಿಂದ ಪೋಲೀಸನ್ನು ಬೇರ್ಪಡಿಸಿ ಅದಕ್ಕೆ ಮೊಹತಮೀಮರನ್ನು ನೇಮಿಸಿದರು. ದೇಶಮುಖ ದೇಶಪಾಂಡೆಯರನ್ನು ವಸೂಲಿಯ ಕೆಲಸದಿಂದ ಬಿಡಿಸಿ, ಅವರು ಕೂಗಾಡದಂತೆ ರುಸುಮು ಕಟ್ಟಿಕೊಟ್ಟರು. ತಾಲೂಕು ಕೇಂದ್ರಗಳಲ್ಲಿ ಪಾರ್ಸಿಗೊಂದು, ದೇಶಭಾಷೆಗೊಂದು ಶಾಲೆ ತೆರೆಯಬೇಕೆಂದು ಆಜ್ಞೆಯಾಯಿತು.

ಆ ಏರ್ಪಾಟಿನಲ್ಲಿ ಲಿಂಗಸುಗೂರು ಪ್ರತ್ಯೇಕ ಜಿಲ್ಲೆಯಾಗಿತ್ತೆಂಬುದನ್ನು ಇಂದಿನವರು ಮರೆತಿದ್ದಾರೆ. ರಾಯಚೂರು ಜಿಲ್ಲೆಯಲ್ಲಿ ಮಾನ್ವಿ, ದೇವದುರ್ಗಗಳ ಹಾಗೆಯೇ ನಮ್ಮ ಯರಗೇರಾ ಕೂಡ ಒಂದು ತಾಲೂಕು! ಮಂತ್ರಾಲಯದ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ ದಾಟಿಹೋಗುವ ಈ ಊರಿಗೂ ಒಂದು ಕಾಲಕ್ಕೆ ತಹಸೀಲ್ದಾರರಿದ್ದರೆಂದರೆ ನನ್ನ ಸಹಪಾಠಿಗಳು ನಂಬುವುದಿಲ್ಲ.

ಇಷ್ಟು ಕೆಲಸ ಮಾಡಿದ ಮನುಷ್ಯನ ಸ್ವಂತ ಸ್ಥಿತಿ ಏನಿತ್ತು? ನಿಜಾಮ ಅಫ್ಜಲ್-ಉದ್-ದೌಲರಿಗೆ ತಮ್ಮ ದಿವಾನನ ಮೇಲೆ ಪೂರ್ಣ ವಿಶ್ವಾಸ ಎಂದೂ ಇರಲಿಲ್ಲ. ಇವನು ಇಂಗ್ಲಿಷರವನೆಂದು ಅವರ ಕಿವಿಗೆ ಹಾಕುವವರು ಬಹಳ ಜನ. ಒಂದಕ್ಕಿಂತ ಹೆಚ್ಚು ಸಲ ದಿವಾನಗಿರಿ ಹೋಗುವುದರಲ್ಲಿತ್ತು. ನಗರವನ್ನು ಬಿಟ್ಟು ಹೊರಡಬೇಕಾದರೆ ಒಡೆಯರ ಅಪ್ಪಣೆ ಬೇಕು. ಅಪ್ಪಣೆ ಸುಲಭವಾಗಿ ಸಿಗುತ್ತಿರಲಿಲ್ಲ. ಹದಿನೇಳು ಜಿಲ್ಲೆಗಳ ಗೆರೆ ಎಳೆದವರು ಆ ಜಿಲ್ಲೆಗಳನ್ನು ಕಣ್ಣಾರೆ ಕಾಣದೆ, ಬಂದ ಕಾಗದಗಳಿಂದಲೇ ತಿಳಿಯಬೇಕಾಗಿತ್ತು. 1869ರಲ್ಲಿ ನಿಜಾಮರು ತೀರಿಕೊಂಡು ಮೂರು ವರ್ಷವೂ ತುಂಬದ ಮಹಬೂಬ್ ಅಲಿ ಖಾನರು ಪಟ್ಟಕ್ಕೆ ಬಂದಾಗ, ಸಾಲಾರ್ ಜಂಗರು ಶಮ್ಸ್-ಉಲ್-ಉಮರಾ ಅವರೊಡನೆ ರಾಜಪ್ರತಿನಿಧಿಗಳಾದರು. ಆಗಲೇ ಅವರಿಗೆ ಉಸಿರಾಡುವಷ್ಟು ಸ್ವಾತಂತ್ರ್ಯ ಸಿಕ್ಕಿದುದು.

1871ರಲ್ಲಿ ಮುಂಬಯಿಯ ಕಡೆಯ ರೈಲೂ ಮದ್ರಾಸಿನ ಕಡೆಯ ರೈಲೂ ರಾಯಚೂರಿನಲ್ಲಿ ಸಂಧಿಸಿದವು. ನಮ್ಮ ಊರಿನ ಹತ್ತಿಯ ಅದೃಷ್ಟ ತಿರುಗಿದುದು ಅಂದಿನಿಂದ. ಅದನ್ನು ವಿಸ್ತರಿಸಲು ಇದು ಸ್ಥಳವಲ್ಲ.

ಈಗ ಅವರ ಸುಧಾರಣೆ ಎಲ್ಲಿ ನಿಂತಿತೆಂಬುದನ್ನು ಹೇಳಬೇಕು. ನನ್ನ ಮಟ್ಟಿಗೆ ಅವರ ಜೀವನದಲ್ಲಿ ವಿಚಾರ ಮಾಡಬೇಕಾದುದು ಇದೇ. ಮೊದಲನೆಯದಾಗಿ ಜಿಲಾಬಂದಿ ಮುಟ್ಟಿದುದು ದಿವಾನಿ ಹಳ್ಳಿಗಳನ್ನು ಮಾತ್ರ. ನಿಜಾಮರ ಸ್ವಂತದ ಸರ್ಫ್-ಎ-ಖಾಸ್, ಪಾಯಗಾಗಳು, ಜಾಗೀರುಗಳು, ಗದ್ವಾಲದಂಥ ಸಂಸ್ಥಾನಗಳು ಅದರ ಹೊರಗೇ ಉಳಿದವು. ಒಂದು ಹಳ್ಳದ ಈಚೆ ತಹಸೀಲ್ದಾರನ ಬರಹದ ರಸೀದಿ. ಆಚೆ ಜಾಗೀರದಾರನ ಕಾರಭಾರಿಯ ಬಾಯಿಮಾತು. ಆ ಜಾಗೀರದಾರರೆಲ್ಲ ದಿವಾನರ ವರ್ಗದವರೇ, ನಂಟರೇ. ಸ್ವತಃ ಅವರ ಮನೆತನಕ್ಕೂ ದೊಡ್ಡ ಜಾಗೀರಿತ್ತು. ಎಲ್ಲರೊಡನೆ ಒಮ್ಮೆಗೇ ಹೋರಾಡಿದರೆ ಆದಷ್ಟೂ ಆಗದೆಂದು ಅವರು ಎಣಿಸಿರಬಹುದು. ಹಾಗೆ ಎಣಿಸಿದುದರಿಂದ ಅವರ ಕೆಲಸ ಉಳಿಯಿತೆಂದೂ ಹೇಳಬಹುದು, ಅರ್ಧವಾಯಿತೆಂದೂ ಹೇಳಬಹುದು. ಎರಡೂ ನಿಜವೆಂದು ನನಗೆ ತೋರುತ್ತದೆ.

ಎರಡನೆಯದು ಇದಕ್ಕಿಂತ ಆಳವಾದುದು. ಹೊಸ ಕಚೇರಿಗಳನ್ನು ನಡೆಸಲು ಕಲಿತವರು ಬೇಕಾಗಿದ್ದರು. ಸ್ಥಳೀಯರಲ್ಲಿ ಅಂಥವರು ಸಾಲದೆಂದು ಅವರು ಉತ್ತರ ಹಿಂದೂಸ್ಥಾನದಿಂದ ಸಮರ್ಥರನ್ನು ಕರೆಸಿಕೊಂಡರು. ಮಹದಿ ಅಲಿ, ಸಯ್ಯದ್ ಹುಸೇನ್ ಬಿಲ್ಗ್ರಾಮಿ, ಚಿರಾಗ್ ಅಲಿ ಮೊದಲಾದವರು ನಿಜವಾಗಿಯೂ ದಕ್ಷರು. ಆದರೆ ಮುಲ್ಕಿ, ಗೈರಮುಲ್ಕಿ ಎಂಬ ಜಗಳದ ಬೀಜವೂ ಅಲ್ಲಿಯೇ ಬಿದ್ದಿತು. ಕಚೇರಿಯ ಭಾಷೆ ಪಾರ್ಸಿ. ದಿವಾನರು ಬದುಕಿರುವವರೆಗೂ ಅದನ್ನು ಬಿಡಲಿಲ್ಲ, ಉರ್ದು ಬಂದುದು ಅವರ ತರುವಾಯ. ನಮ್ಮ ಹಳ್ಳಿಯ ಲೆಕ್ಕವನ್ನು ಕುಲಕರ್ಣಿ ಕನ್ನಡದಲ್ಲಿ ಬರೆಯುವನು, ತಹಸೀಲಿನಲ್ಲಿ ಅದು ಪಾರ್ಸಿಯಾಗುವುದು. ರೈತನಿಗೆ ಒಂದೂ ಓದಲು ಬಾರದು. ಇವೆರಡರ ನಡುವೆ ನಿಂತು ಅವನಿಗೆ ಅರ್ಥ ಹೇಳುವವನು ಯಾರು? ಅದೇ ಕುಲಕರ್ಣಿ, ಅದೇ ಗೌಡ. ಹರಾಜಿನ ತಾಲೂಕ್ದಾರನು ಹೋದನು, ದೇಶಮುಖನು ಹೋದನು. ಆದರೆ ಚಾವಡಿಯಲ್ಲಿ ಕೂತವರು ಬದಲಾಗಲಿಲ್ಲ. ಸರ್ಕಾರದ ಹೊಸ ಬೆಳಕು ತಹಸೀಲಿನವರೆಗೆ ಬಂದು ಅಲ್ಲಿಂದ ಮುಂದಕ್ಕೆ ಗೌಡರ ಕೈಯ ಕಂದೀಲಿನಲ್ಲಿಯೇ ಹಳ್ಳಿಗೆ ಹೋಗಬೇಕಾಯಿತು. ಇದನ್ನು ಗೌಡ ಕುಲಕರ್ಣಿಯರ ಮನೆತನಗಳ ನಿಂದೆಯೆಂದು ನನ್ನ ಮಿತ್ರರು ಭಾವಿಸಬಾರದು. ಅವರಲ್ಲಿ ಊರನ್ನು ತಾಯಿಯಂತೆ ಕಾಪಾಡಿದವರೂ ಇದ್ದರು. ಆದರೆ ಕಾಪಾಡದವನನ್ನು ಕೇಳುವ ದಾರಿ ಊರಿನವರಿಗೆ ಇರಲಿಲ್ಲ.

ಜನರನ್ನು ಕೂರಿಸಿ ಕೇಳುವ ಪದ್ಧತಿ ದಿವಾನರ ಏರ್ಪಾಟಿನಲ್ಲಿ ಎಲ್ಲಿಯೂ ಇರಲಿಲ್ಲ. ಆ ಕಾಲದಲ್ಲಿ ಅದನ್ನು ಬಯಸುವುದು ಅತಿಯಾಯಿತೆಂದು ಇತಿಹಾಸದ ಅಧ್ಯಾಪಕರು ನನ್ನನ್ನು ತಿದ್ದಬಹುದು. ಆದರೆ ಅವರ ಕೊನೆಯ ವರ್ಷಗಳಲ್ಲಿಯೇ, 1882ರಲ್ಲಿ, ರಿಪನ್ ಪ್ರಭುಗಳು ಬ್ರಿಟಿಷ್ ಹಿಂದೂಸ್ಥಾನದಲ್ಲಿ ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದರು. ಅದರ ಮಾತು ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯವರೆಗೂ ಮುಟ್ಟಿತ್ತು. ನಮ್ಮ ಕಡೆ ಲೋಕಲ್ ಬೋರ್ಡುಗಳೆಂಬುವು ಬಂದುದು ದಿವಾನರು ಕಾಲವಾದ ಕೆಲವು ವರ್ಷಗಳ ಮೇಲೆ. ಅವುಗಳಲ್ಲಿಯೂ ಅಧಿಕಾರಿಗಳೂ ಅಧಿಕಾರಿಗಳು ಆರಿಸಿದವರೂ ಕುಳಿತರು.

1876ರಲ್ಲಿ ಸಾಲಾರ್ ಜಂಗರು ವಿಲಾಯತಿಗೆ ಹೋದರು. ದಾರಿಯಲ್ಲಿ ಪ್ಯಾರಿಸಿನ ಹೋಟಲಿನ ಮೆಟ್ಟಲುಗಳಲ್ಲಿ ಬಿದ್ದು ತೊಡೆಯ ಎಲುಬು ಮುರಿಯಿತು. ಲಂಡನ್ನಿನಲ್ಲಿ ರಾಣಿಯ ಭೇಟಿಯಾಯಿತು, ಆಕ್ಸಫರ್ಡ್ ವಿಶ್ವವಿದ್ಯಾಲಯವು ಗೌರವ ಪದವಿಯನ್ನು ಕೊಟ್ಟಿತು. ಅವರು ಹೋದುದು ಮಾತ್ರ ಬೇರಾರಕ್ಕಾಗಿ. ಸಾಲ ತೀರಿತು, ಆಡಳಿತ ಸುಧಾರಿಸಿತು, ಇನ್ನು ನಮ್ಮ ಸೀಮೆಯನ್ನು ನಮಗೆ ಕೊಡಿರೆಂಬುದು ಅವರ ವಾದ. ಅದು ಸಿಗಲಿಲ್ಲ. ಮೂವತ್ತು ವರ್ಷ ಇಂಗ್ಲಿಷರಿಗೆ ನೆರವಾದವರಿಗೆ ಇಂಗ್ಲಿಷರಿಂದ ಸಿಕ್ಕ ಉತ್ತರವಿದು. ಸುರಪುರದ ಮಿತ್ರರು ಇದನ್ನು ಓದಿ ಏನನ್ನುವರೋ ನನಗೆ ಗೊತ್ತು.

ಅವರು ಹಿಂತಿರುಗುವ ವೇಳೆಗೆ ಧಾತು ಸಂವತ್ಸರದ ಮಳೆ ಕೈಕೊಟ್ಟಿತ್ತು. 1876ರಿಂದ 1878ರವರೆಗಿನ ಆ ಬರದಲ್ಲಿ ಸಂಸ್ಥಾನದಲ್ಲೆಲ್ಲ ಹೆಚ್ಚು ಬೆಂದುದು ನಮ್ಮ ಭಾಗವೇ. ರಾಯಚೂರು, ಲಿಂಗಸುಗೂರು ಜಿಲ್ಲೆಗಳು. ಜಿಲಾಬಂದಿಗೆ ಬಂದ ನಿಜವಾದ ಪರೀಕ್ಷೆ ಇದು. ಕೇಂದ್ರದಿಂದ ಹೊರಟ ಹುಕುಮನ್ನು ಹಿಡಿದು ಬರಗಾಲದ ಕೆಲಸ ನಡೆಸುವುದಕ್ಕೆ ಈಗ ತಾಲೂಕಿಗೊಬ್ಬ ಸಂಬಳದ ಅಧಿಕಾರಿಯಿದ್ದನು. ಇಜಾರೆಯ ಕಾಲದಲ್ಲಿ ಇಂಥ ಬರ ಬಂದಿದ್ದರೆ ಗುತ್ತಿಗೆದಾರನು ಬಾಗಿಲು ಹಾಕಿಕೊಂಡು ಪಟ್ಟಣಕ್ಕೆ ಹೋಗುತ್ತಿದ್ದನು. ಹಾಗಿದ್ದರೂ ಜನ ಸತ್ತರು, ದನ ಸತ್ತವು, ಊರುಗಳು ಹಾಳಾದವು. ಹಸಿದ ಹಳ್ಳಿಗಳ ಪಟ್ಟಿ ಮೇಲಕ್ಕೆ ಹೋಗಬೇಕಾದುದು ಚಾವಡಿಯಿಂದಲೇ ತಾನೆ!

ಬರದ ಹೊತ್ತಿಗೆ ಭೂಮಿಯ ಅಳತೆಯನ್ನೂ ಅವರು ಮುಂಬಯಿಯ ಕ್ರಮದಲ್ಲಿ ಆರಂಭಿಸಿದ್ದರು. ಹೊಲಕ್ಕೆ ಕಲ್ಲು, ಕಲ್ಲಿಗೆ ನಂಬರು, ನಂಬರಿಗೆ ಆಕಾರ. ಅದು ನಮ್ಮ ಎರೆ ಸೀಮೆಗೆ ಬಂದು ಮುಗಿಯುವುದನ್ನು ಕಾಣಲು ಅವರಿರಲಿಲ್ಲ. 1883ರ ಫೆಬ್ರುವರಿ 8ರಂದು ಕಾಲರಾ ತಗುಲಿ ಒಂದೇ ದಿನದೊಳಗೆ ತೀರಿಕೊಂಡರು. ವಯಸ್ಸು ಐವತ್ತನಾಲ್ಕು; ಅದರಲ್ಲಿ ದಿವಾನಗಿರಿ ಮೂವತ್ತು ವರ್ಷಕ್ಕೆ ಕೆಲವೇ ತಿಂಗಳು ಕಡಿಮೆ. ಅವರ ಮಗ ಲಾಯಕ್ ಅಲಿ, ಎರಡನೆಯ ಸಾಲಾರ್ ಜಂಗರೆನಿಸಿ ಮರುವರ್ಷ ದಿವಾನರಾಗಿ 1887ರಲ್ಲಿ ಹುದ್ದೆಯನ್ನು ಬಿಟ್ಟರು. ಕಚೇರಿಗಳು ನಿಲ್ಲಲಿಲ್ಲ. ತಹಸೀಲ್ದಾರರು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು.

ಅವರ ಏರ್ಪಾಟಿನ ತುಣುಕುಗಳು ಒಂದೊಂದಾಗಿ ಬೇರೆ ಬೇರೆ ಕಾಲಕ್ಕೆ ಕಳಚಿದವು. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ಒಡೆದು ಹಂಚಿದರು. ಅದೇ ವರ್ಷ ನಮ್ಮ ಯರಗೇರಾ ತಾಲೂಕು ರಾಯಚೂರಿನಲ್ಲಿ ಕೂಡಿಹೋಯಿತು. ಅವರು ಮುಟ್ಟಲಾರದೆ ಬಿಟ್ಟ ಜಾಗೀರುಗಳು ರದ್ದಾದುದು 1949ರಲ್ಲಿ, ಹೈದರಾಬಾದು ಭಾರತದಲ್ಲಿ ಸೇರಿದ ಮರುವರ್ಷ. ಅವರು ಚಾವಡಿಯಲ್ಲಿಯೇ ಉಳಿಸಿದ ವಂಶಪಾರಂಪರ್ಯದ ಗೌಡಿಕೆ, ಕುಲಕರ್ಣಿಕೆಗಳು ಹೋದುದು, ರಾಯಚೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಮೇಲೆ, 1961ರ ಕಾನೂನಿನಿಂದ; ಅದು 1963ರಲ್ಲಿ ಜಾರಿಗೆ ಬಂದಿತು. ಜಿಲ್ಲೆಯನ್ನು ನಡೆಸಲು ಜನರೇ ಓಟು ಹಾಕಿ ಕಳಿಸಿದ ಜಿಲ್ಲಾ ಪರಿಷತ್ತು ಇಲ್ಲಿ ಏರ್ಪಟ್ಟುದು 1987ರಲ್ಲಿ, ಜಿಲಾಬಂದಿಯಾದ ನೂರ ಇಪ್ಪತ್ತೆರಡು ವರ್ಷಗಳ ಮೇಲೆ.